ದೌಂಡದಿಂದ ಮಂಡಯಿವರೆಗೆ: ಅಪ್ಪನ ಜೊತೆ ಪೇಟೆ ಸುತ್ತಿದ್ದು

ಶುರು ಮಾಡೋ ಮುಂಚೆ ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ನಿಮ್ಮ ಮನಸ್ಸಲ್ಲೇ ಇರಲಿ. ಕಳೆದ ವಾರ ನೀವು ಮನೆಗೆ ಏನೇನು ಖರೀದಿ ಮಾಡಿದ್ರಿ, ನೆನಪು ಮಾಡ್ಕೊಳ್ಳಿ. ಹಾಲು, ಮೊಸರು, ಟೊಮೆಟೊ, ಅಕ್ಕಿ, ಸೋಪು, ಚಾರ್ಜರ್ ವೈರು. ಆ ಖರೀದಿಯಲ್ಲಿ ಎಷ್ಟು ಜನರ ಜೊತೆ ಮಾತಾಡಿದ್ರಿ? ಡೆಲಿವರಿ ಹುಡುಗನಿಗೆ ನಾಲ್ಕಂಕಿ ಓಟಿಪಿ ಹೇಳಿದ್ದನ್ನ ಲೆಕ್ಕಕ್ಕೆ ತಗೋಬೇಡಿ.

ನನ್ನ ಉತ್ತರ ಸೊನ್ನೆ ಇತ್ತು. 2024ರ ದೀಪಾವಳಿವರೆಗೂ ಸೊನ್ನೆನೇ ಇತ್ತು.

ನಾನು ಇರೋದು ದೌಂಡದಲ್ಲಿ. ಆಫೀಸಲ್ಲಿ ಹೇಳಿದ್ರೆ "ಅಲ್ಲಿ ಮನುಷ್ಯರು ಇರ್ತಾರಾ?" ಅಂತ ನಗ್ತಾರೆ. ಕಲಬುರಗಿ ಕಡೆಯಿಂದ ರೈಲಲ್ಲಿ ಬರೋರಿಗೆ ದೌಂಡ ಚೆನ್ನಾಗಿ ಗೊತ್ತು: "ಪುಣೆ ಬಂತು, ಏಳ್ರಪ್ಪಾ, ಹಾಸಿಗೆ ಸುತ್ತಿ" ಅಂತ ಮನೆ ಹಿರಿಯರು ಎಬ್ಬಿಸೋ ಸ್ಟೇಷನ್ನು. ಸೋಲಾಪುರದ ದಾರಿ, ಮನಮಾಡದ ದಾರಿ, ಬಾರಾಮತಿ ದಾರಿ ಇಲ್ಲಿ ಕೂಡ್ತವೆ. ನನ್ನ ಹೆಂಡತಿ ರೈಲ್ವೆಯಲ್ಲಿ ಇದ್ದಾಳೆ, ಅವಳ ಪೋಸ್ಟಿಂಗ್ ಇಲ್ಲಿ. ನನ್ನ ಆಫೀಸು ಹಡಪಸರದಲ್ಲಿ. ಹಂಗಾಗಿ 7 ವರ್ಷದಿಂದ ನನ್ನ ದಿನ ಅಂದ್ರೆ ಬೆಳಿಗ್ಗೆ ಲೋಕಲ್ ಗಾಡಿ: ಪಾಟಸ್, ಕಡೇಠಾಣ, ಕೇಡಗಾವ್, ಖುಟಬಾವ್, ಯವತ, ಉರುಳಿ, ಲೋಣಿ, ಮಾಂಜರಿ, ಹಡಪಸರ. ಸಂಜೆ ಅದೇ ಹೆಸರುಗಳು ಉಲ್ಟಾ.

ಈಗ ನಾಚಿಕೆಯ ವಿಷಯ ಹೇಳ್ತೀನಿ. ಹತ್ತು ನಿಮಿಷದಲ್ಲಿ ಸಾಮಾನು ತರೋ ಆ್ಯಪ್‌ಗಳು ಇದಾವಲ್ಲ, ಅದರಲ್ಲಿ ನಾನು ತರಕಾರಿ ಕಿರಾಣಿ ಎಲ್ಲಾ ಹಡಪಸರದ ಆಫೀಸಿಗೇ ತರಿಸ್ತಿದ್ದೆ. ಆಮೇಲೆ ಆ ಚೀಲ ಕಾಲ ಮಧ್ಯ ಇಟ್ಕೊಂಡು ಲೋಕಲ್‌ನಲ್ಲಿ ಸುಮಾರು 70 ಕಿಲೋಮೀಟರ್ ಬಂದು ದೌಂಡದಲ್ಲಿ ಇಳಿಯೋದು. ಸ್ಟೇಷನ್ನಿಂದ ಮನೆಗೆ ಹೋಗೋ ದಾರಿ ಬಜಾರದ ನಡುವೆನೇ ಹೋಗುತ್ತೆ. ಎರಡೂ ಕಡೆ ತರಕಾರಿ, ಎರಡೂ ಕಡೆ ಕಿರಾಣಿ ಅಂಗಡಿ. ನಾನು ಚೀಲ ಹಿಡ್ಕೊಂಡು ತಲೆ ಬಗ್ಗಿಸಿ ಹೋಗ್ತಿದ್ದೆ. ಆ ಚೀಲದೊಳಗಿನ ಕೊತ್ತಂಬರಿ ಬೆಳಿಗ್ಗೆ ದೌಂಡದ ಯಾವುದೋ ಹೊಲದಿಂದ ಪುಣೆಗೆ ಹೋಗಿದ್ದೇ ಇರಬಹುದು. ಆಪ್ಟಿಮೈಸೇಷನ್ ಮಾಡೋ ಕೆಲಸದಲ್ಲಿ ಸಂಬಳ ತಗೊಳ್ಳೋ ಮನುಷ್ಯ ನಾನು. ತಮಾಷೆ ಮಾಡ್ತಿಲ್ಲ. ಪರದೇಶದ ಒಂದು ದೊಡ್ಡ ಮಳಿಗೆ ಸರಪಳಿಗೆ, ಯಾವ ಊರಿನ ಮಳಿಗೆಗೆ ಯಾವತ್ತು ಎಷ್ಟು ಮಾಲು ಹೋಗಬೇಕು ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೀತೀವಿ ನಾವು.

ನಮ್ಮಪ್ಪ ಆ ಲೆಕ್ಕವನ್ನ ತಲೆಯಲ್ಲೇ ಹಾಕ್ತಿದ್ರು. ಚಿತ್ತಾಪುರದಲ್ಲಿ 38 ವರ್ಷ ಕಿರಾಣಿ ಅಂಗಡಿ ಇಟ್ಟಿದ್ರು. ಮೊಣಕಾಲು ನೋವಿಗೆ, ಮತ್ತೆ ನಾನು ಅಂಗಡಿಯಲ್ಲಿ ಕೂರಲಿಲ್ಲ ಅನ್ನೋದಕ್ಕೆ, 2019ರಲ್ಲಿ ಮುಚ್ಚಿದ್ರು. ಅವ್ವ ಹೋದ ಮೇಲೆ ದೀಪಾವಳಿಗೆ ಅವರನ್ನ ದೌಂಡಕ್ಕೆ ಕರ್ಕೊಂಡು ಬಂದೆ. ಬಂದೋರು ಮಾತು ಬಿಟ್ರು. ಸಿಟ್ಟೂ ಇಲ್ಲ, ದೂರೂ ಇಲ್ಲ. ಬಾಲ್ಕನಿಯಲ್ಲಿ ಕೂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸೋರು. ಸಂಜೆ ನಾನು ಬಂದಾಗ "ಐವತ್ತೆಂಟು" ಅನ್ನೋರು, ಅಷ್ಟೇ.

ಒಂದಿನ ಚೀಲದಿಂದ ಕೊತ್ತಂಬರಿ ತೆಗೆದು ಮೂಸಿ ನೋಡಿ ಕೇಳಿದ್ರು: "ಇದ ಯಾರ್ ಕೊಟ್ರೋ?"

"ಹಡಪಸರದಿಂದ ತಂದೆ ಅಪ್ಪ."

"ಎಲ್ಲಿಂದ ತಂದಿ ಅಂತ ಕೇಳ್ಲಿಲ್ಲ. ಕೊಟ್ಟಾಂವ ಯಾರು?"

ನನಗೆ ಉತ್ತರ ಹೊಳೀಲಿಲ್ಲ. ಹೆಲ್ಮೆಟ್ ಹಾಕಿದ್ದ ಒಬ್ಬ ಹುಡುಗ. ಮುಖ ನೋಡಿಲ್ಲ. ಅವನಿಗೂ ಆ ಕೊತ್ತಂಬರಿಗೂ ಸಂಬಂಧ ಇಲ್ಲ.

ಇದಾದ ನಾಲ್ಕು ದಿನಕ್ಕೆ ರೊಟ್ಟಿ ಕೆಟ್ಟಿತು. ಜೋಳದ ಹಿಟ್ಟು ಪ್ಯಾಕೆಟ್‌ದು. ತಟ್ಟಿದ್ರೆ ಅಂಚು ಬಿರಿಯೋದು, ಎತ್ತಿದ್ರೆ ಹರಿಯೋದು. ಉತ್ತರ ಕರ್ನಾಟಕದೋರಿಗೆ ಇದು ಹೇಳಬೇಕಾಗಿಲ್ಲ, ಮೈಸೂರು ಕಡೆಯೋರಿಗೆ ಹೇಳ್ತೀನಿ: ಜೋಳದ ಹಿಟ್ಟಿಗೆ ಗೋಧಿಯ ಥರ ಅಂಟು ಇರೋದಿಲ್ಲ, ಇರೋ ಸ್ವಲ್ಪ ಜಿಗಿ ಹಿಟ್ಟು ಹಳೇದಾದಂಗೆ ಹೋಗುತ್ತೆ. ಅದಕ್ಕೇ ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸೋದು. ಅಪ್ಪ ಹರಿದ ರೊಟ್ಟಿ ತಟ್ಟೆಯಲ್ಲಿ ಇಟ್ಕೊಂಡು ಬಹಳ ಹೊತ್ತು ನೋಡಿದ್ರು. ಆಮೇಲೆ ಎದ್ದು ಚಪ್ಪಲಿ ಹಾಕ್ಕೊಂಡ್ರು. "ನಡಿ, ಜ್ವಾಳ ತರೂಣು."

ನಮ್ಮ ಓಣಿ ಕೊನೆಗೆ ಒಂದು ಕಿರಾಣಿ ಅಂಗಡಿ ಇದೆ. 7 ವರ್ಷ ಅದರ ಮುಂದೆ ಓಡಾಡಿದೀನಿ, ಒಳಗೆ ಹೋಗಿದ್ದು ಎರಡೋ ಮೂರೋ ಸಲ, ಬೆಂಕಿಪೆಟ್ಟಿಗೆಗೆ. ಅಪ್ಪ ಹೊಸ್ತಿಲಲ್ಲೇ ನಿಂತು ಮೊದಲು ಅಂಗಡಿ ಪೂರ್ತಿ ನೋಡಿದ್ರು. ಮೇಲಿನ ಸಾಲು, ಕೆಳಗಿನ ಸಾಲು, ತಕ್ಕಡಿ, ಗಲ್ಲಾ. ಆಮೇಲೆ ಜೋಳದ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ಬೆಳಕಿಗೆ ಹಿಡಿದು, ಎರಡು ಕಾಳು ಬಾಯಿಗೆ ಹಾಕ್ಕೊಂಡ್ರು. ಕಟಕ್. "ಪುರಾನಾ ಮಾಲ್ ಹೈ ಸೇಠ್."

ಕಾಕಾ, ಅಂದ್ರೆ ಅಂಗಡಿಯೋರು, ಅರವತ್ತು ದಾಟಿದೋರು, ಮೊದಲು ಮುಖ ಗಂಟು ಹಾಕಿದ್ರು. "ಮಾಲದಂಡಿ ಆಹೇ, ಅಣ್ಣಾ." ಮಾಲದಂಡಿ ಜೋಳ ನಮ್ಮ ಕಡೆನೂ ಫೇಮಸ್ಸು. ಸೋಲಾಪುರ ಜಿಲ್ಲೆಯ ಮಂಗಳವೇಢೆಯ ಮಾಲದಂಡಿಗೆ ಜಿಐ ಮಾನ್ಯತೆನೂ ಇದೆ. ಅಪ್ಪ ಅಂದ್ರು: ಮಾಲದಂಡಿ ಹೌದು, ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು. ಕಾಕಾ ಒಂದು ನಿಮಿಷ ಅಪ್ಪನ್ನ ನೋಡಿದ್ರು. "ಧಂದಾ ಕಾಯ್ ತುಮಚಾ?" ಏನು ವ್ಯಾಪಾರ ನಿಮ್ಮದು? ಅಪ್ಪ, ದೀಪಾವಳಿ ಆದ ಮೇಲೆ ಮೊದಲ ಸಲ, ಹಲ್ಲು ಕಾಣೋ ಹಂಗೆ ನಕ್ಕರು. "ಯಹೀ."

ಒಳಗಿನಿಂದ ಬೇರೆ ಚೀಲ ಬಂತು. ಜೊತೆಗೆ ಚಹಾನೂ ಬಂತು. ಇಬ್ಬರೂ ಒಂದೂವರೆ ತಾಸು ಮಾತಾಡಿದ್ರು, ಒಬ್ಬರದು ಮರಾಠಿ, ಒಬ್ಬರದು ದಖನಿ. ಬೆಲ್ಲದ ವಿಷಯ ಬಂತು (ದೌಂಡ ತಾಲೂಕಿನ ತುಂಬ ಆಲೆಮನೆ, ಇಲ್ಲಿ ಗುರ್ಹಾಳ ಅಂತಾರೆ), ಇಲಿ ಕಾಟದ ವಿಷಯ ಬಂತು, ಉದ್ರಿ ತಗೊಂಡು ಊರು ಬಿಟ್ಟೋರ ವಿಷಯ ಬಂತು. ನಾನು ಚೀಲ ಹಿಡ್ಕೊಂಡು ನಿಂತಿದ್ದೆ. ಒಂದು ಕಡೆ ಇಬ್ಬರೂ ಒಟ್ಟಿಗೆ ನನ್ನನ್ನ ನೋಡಿ ತಲೆ ಅಲ್ಲಾಡಿಸಿದ್ರು, ಯಾಕೆ ಅಂತ ಕೇಳಲಿಲ್ಲ.

ಜೋಳ ಗಿರಣಿಗೆ ಹೋಯ್ತು. ಗಿರಣಿ, ಕಿರಾಣಿ, ಪಿಶವಿ, ಎಲ್ಲಾ ಎರಡೂ ಭಾಷೆಯಲ್ಲಿ ಒಂದೇ ಪದ. ನಮ್ಮ ಈಳಿಗೆ ಅವರ ವಿಳಿ. ಅಡಕೆ ಕತ್ತರಿಸೋ ಅಡಕೊತ್ತು ಇಲ್ಲಿ ಅಡಕಿತ್ತಾ, ಅದು ಕನ್ನಡದಿಂದಲೇ ಮರಾಠಿಗೆ ಹೋದ ಪದ. ಪುಣೆಗೆ ಬಂದು "ಲ್ಯಾಂಗ್ವೇಜ್ ಪ್ರಾಬ್ಲಂ" ಅನ್ನೋರು ಒಂದು ಸಲ ಪಾತ್ರೆ ಅಂಗಡಿಗೆ ಹೋಗಿ ನೋಡಿ.

ಡಿಸೆಂಬರ್ ಕೊನೆಗೆ ಎಳ್ಳಮಾಸೆ ಬಂತು. ಕಲಬುರಗಿ, ಬೀದರ, ಯಾದಗಿರಿ ಕಡೆಯೋರಿಗೆ ಈ ಹಬ್ಬ ಏನು ಅಂತ ಗೊತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲೋದು, ಸಜ್ಜೆ ಕಡುಬು, ಭಜ್ಜಿ ಪಲ್ಯ. ಇದು ಎಣ್ಣೆಯಲ್ಲಿ ಕರಿಯೋ ಬಜ್ಜಿ ಅಲ್ಲ. ಹಸಿ ತೊಗರಿಕಾಳು, ಅವರೆಕಾಳು, ಹಸಿ ಕಡಲೆ, ಬಟಾಣಿ, ಕಡಲೆ ಸೊಪ್ಪು, ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಪುಂಡಿ, ಆ ಋತುವಿನಲ್ಲಿ ಹೊಲ ಏನೇನು ಕೊಡುತ್ತೋ ಎಲ್ಲಾ ಒಂದೇ ಗಡಿಗೆಯಲ್ಲಿ. ಅವ್ವ ಇಲ್ಲದ ಮೊದಲ ಎಳ್ಳಮಾಸೆ. ಅಪ್ಪ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದ್ರೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪಟ್ಟಿ ಬರೆದಿದ್ರು. ಪುಂಡಿ ಪಲ್ಯ ಒಂದು ದೌಂಡದಲ್ಲಿ ಆ ವಾರ ಸಿಗಲಿಲ್ಲ.

ಆ್ಯಪ್‌ನಲ್ಲಿ ಹುಡುಕಿದೆ. "ಪುಂಡಿ" ಅಂದ್ರೆ ಏನೂ ಇಲ್ಲ. ಮರಾಠಿಯಲ್ಲಿ ಅದು ಅಂಬಾಡಿ, ತೆಲುಗಿನಲ್ಲಿ ಗೋಂಗೂರ. ಇದು ನನಗೆ ಆಮೇಲೆ ಗೊತ್ತಾಗಿದ್ದು. ನೋಡಿ, ಹುಡುಕೋ ಪೆಟ್ಟಿಗೆಗೆ ಹೆಸರು ಗೊತ್ತಿರಬೇಕು, ಅದೂ ಅದಕ್ಕೆ ಗೊತ್ತಿರೋ ಹೆಸರು. ಪೇಟೆಯಲ್ಲಿ ಬೆರಳು ತೋರಿಸಿದ್ರೆ ಸಾಕು. ಡಿಸೆಂಬರ್ 29, ಭಾನುವಾರ, ಅಪ್ಪನ್ನ ಕರ್ಕೊಂಡು ಪುಣೆಗೆ ಹೊರಟೆ.

ದಾರಿ ಸುಲಭ. ಪುಣೆ ಸ್ಟೇಷನ್ನಿಂದ ವನಾಜ್ ಕಡೆ ಹೋಗೋ ಮೆಟ್ರೊ ಹತ್ತಿ ಸಿವಿಲ್ ಕೋರ್ಟ್‌ನಲ್ಲಿ ಇಳೀಬೇಕು, ಅಲ್ಲಿಂದ ಸ್ವಾರಗೇಟ್ ಕಡೆಗೆ ಬದಲಾಯಿಸಿದ್ರೆ ನೆಲದಡಿ ಎರಡನೇ ನಿಲ್ದಾಣ ಮಂಡಯಿ. ಈ ಭಾಗ ಶುರುವಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಹುಡುಕೋದ್ರಲ್ಲೇ ಭಾನುವಾರ ಮುಗೀತಿತ್ತು.

ಮೇಲೆ ಬಂದ ಕೂಡ್ಲೆ ಅಪ್ಪ ಬೋರ್ಡು ಓದೋಕೆ ಶುರು ಮಾಡಿದ್ರು. ಶುಕ್ರವಾರ ಪೇಠ, ಬುಧವಾರ ಪೇಠ, ರವಿವಾರ ಪೇಠ. "ಇವ್ರಿಗಿ ವಾರ ಬಿಟ್ರ ಬ್ಯಾರೆ ಹೆಸರ ಸಿಗಲಿಲ್ಲೇನು?" ಅಂದ್ರು. ನಗು ಬಂತು, ಆದ್ರೆ ಕೇಳಬೇಕಾದ ಪ್ರಶ್ನೆನೇ. ಬೆಂಗಳೂರಿನ ಪೇಟೆಗಳ ಹೆಸರು ನೋಡಿ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ. ಏನು ಮಾರ್ತಾರೆ, ಯಾರು ಮಾಡ್ತಾರೆ ಅನ್ನೋದರ ಮೇಲೆ. ಪುಣೆಯಲ್ಲಿ ಯಾವತ್ತು ಸಂತೆ ಅನ್ನೋದರ ಮೇಲೆ. ಈ ಪೇಠಗಳಿಗೆ ಮೊದಲು ಬೇರೆ ಹೆಸರೂ ಇದ್ದವು. ಶನಿವಾರ ಪೇಠ ಮುರ್ತಜಾಬಾದ್ ಆಗಿತ್ತು, ರವಿವಾರ ಪೇಠ ಮಲಕಾಪುರ. ಕಸುಬಿನ ಹೆಸರು ಇಲ್ಲಿ ಓಣಿಗಳಿಗೆ ಹೋಗಿದೆ, ಓಣಿಗೆ ಇಲ್ಲಿ ಆಳಿ ಅಂತಾರೆ. ಬಿದಿರಿನ ಕೆಲಸದ ಬುರುಡ ಆಳಿ, ಬೋಹರಿ ವ್ಯಾಪಾರಿಗಳ ಬೋಹರಿ ಆಳಿ, ತಾಮ್ರದ ತಾಂಬಟ ಆಳಿ. ಕಸಬಾ ಪೇಠದ ಈ ತಾಂಬಟರ ಹಿರಿಯರು ಪೇಶ್ವೆಗಳ ಕಾಲಕ್ಕೆ ಕೊಂಕಣದಿಂದ ಬಂದೋರು. ಇವತ್ತೂ ಅಲ್ಲಿ ಹಂಡೆಯ ಮೈಮೇಲೆ ಸುತ್ತಿಗೆ ಬೀಳೋ ಸದ್ದು ಕೇಳುತ್ತೆ. ಒಂದು ಭಾನುವಾರ ಮಾಲ್‌ಗೆ ಹೋಗೋ ಬದಲು ಆ ಓಣಿಗೆ ಹೋಗಿ, ಇಷ್ಟೇ ಹೇಳ್ತೀನಿ.

ಮಂಡಯಿ ಕಟ್ಟಡ ಹೊರಗಿನಿಂದ ನೋಡಿದ್ರೆ ಇಗರ್ಜಿ ಅನ್ಕೋಬೇಕು. ನಡುವೆ ಎಂಟು ಮೂಲೆಯ ಗೋಪುರ, ಸುತ್ತ ರೆಕ್ಕೆಗಳ ಹಂಗೆ ಚಾಚಿದ ಹಜಾರಗಳು. 1886ರಲ್ಲಿ ಶುರುವಾದಾಗ ಇದಕ್ಕೆ ಮುಂಬೈ ಗವರ್ನರ್ ಲಾರ್ಡ್ ರೇ ಹೆಸರಿತ್ತು, ರೇ ಮಾರ್ಕೆಟ್ ಅಂತ. ಈಗ ಮಹಾತ್ಮಾ ಫುಲೆ ಮಂಡಯಿ. ಇದರಲ್ಲಿ ಒಂದು ಸ್ವಾರಸ್ಯ ಇದೆ. ಜ್ಯೋತಿಬಾ ಫುಲೆ ಪುಣೆ ನಗರಸಭೆಯ ಸದಸ್ಯರಾಗಿದ್ದಾಗ ಈ ಮಾರುಕಟ್ಟೆಗೆ ಇಷ್ಟೊಂದು ದುಡ್ಡು ಸುರಿಯೋದನ್ನ ವಿರೋಧಿಸಿದ್ರು, ಆ ದುಡ್ಡು ಓದು ಬರಹಕ್ಕೆ ಹೋಗಲಿ ಅನ್ನೋದು ಅವರ ವಾದ. ಕೊನೆಗೆ ಕಟ್ಟಡಕ್ಕೆ ಅವರದೇ ಹೆಸರು. ಅಪ್ಪನಿಗೆ ಇದನ್ನ ಹೇಳಿದ್ರೆ "ಹೆಸರ ಇಡೂದ ಸಸ್ತಾ" ಅಂದ್ಬಿಟ್ರು.

ಒಳಗೆ ವ್ಯಾಪಾರಿಗಳು ಕೂರೋದು ಎತ್ತರದ ಕಟ್ಟೆ ಮೇಲೆ, ಮುಂದೆ ಇಳಿಜಾರಾಗಿ ತರಕಾರಿ ರಾಶಿ. ಗಿರಾಕಿ ತಲೆ ಎತ್ತಿ ಮಾತಾಡಬೇಕು. ಇಲ್ಲಿ ನಿಮಗೆ ಭಾಷೆಗಿಂತ ಲೆಕ್ಕ ಕೈ ಕೊಡುತ್ತೆ. ಪಾವ್ ಅಂದ್ರೆ ಕಾಲು, ಸವ್ವಾ ಅಂದ್ರೆ ಒಂದೂಕಾಲು, ದೀಡ್ ಒಂದೂವರೆ, ಅಡೀಚ್ ಎರಡೂವರೆ. ಪಾವಣೆ ದೋನ್ ಅಂದ್ರೆ? ಎರಡರ ಮೇಲೆ ಕಾಲು ಅಲ್ಲ, ಎರಡಕ್ಕೆ ಕಾಲು ಕಡಿಮೆ. ನನ್ನ ಟೀಮಿನ ಒಬ್ಬ ಮಂಡ್ಯದ ಹುಡುಗ "ಪಾವಣೆ ದೋನ್‌ಶೇ" ಅಂದಿದ್ದಕ್ಕೆ 225 ರೂಪಾಯಿ ಕೊಟ್ಟು, ಅಂಗಡಿಯೋನು 50 ವಾಪಸ್ ಕೊಟ್ಟಾಗ ಗಾಬರಿಯಾಗಿದ್ದ. ಮುಂಬೈ ಕರ್ನಾಟಕ, ಕಲ್ಯಾಣ ಕರ್ನಾಟಕದೋರಿಗೆ ಈ ಕಷ್ಟ ಇಲ್ಲ, ದೀಡ್, ಅಡೀಚ್ ನಮ್ಮಜ್ಜಿಯ ಬಾಯಲ್ಲೇ ಇದ್ದವು.

ಅಪ್ಪ ಪಟ್ಟಿ ಜೇಬಿನಿಂದ ತೆಗೀಲೇ ಇಲ್ಲ. ಒಂದು ಸುತ್ತು ಸುಮ್ಮನೆ ಹಾಕಿದ್ರು, ಏನೂ ಕೊಳ್ಳದೆ. ಎರಡನೇ ಸುತ್ತಿನಲ್ಲಿ ನಿಂತರು. ತೊಗರಿಕಾಯಿ ಒಬ್ಬರ ಹತ್ರ, ಕಡಲೆ ಇನ್ನೊಬ್ಬರ ಹತ್ರ. "ರೇಟ್ ಎಲ್ಲಾ ಕಡೆ ಒಂದ ಅದ" ಅಂತ ನಾನಂದ್ರೆ, "ರೇಟ್ ನೋಡ್ಲಿಲ್ಲ, ಕೈ ನೋಡಿದೆ" ಅಂದ್ರು. ಯಾರು ರಾಶಿಯ ಮೇಲಿನದು ಕೊಡ್ತಾರೆ, ಯಾರು ಹಿಂದಿನಿಂದ ತುಂಬ್ತಾರೆ, ತೂಗಿದ ಮೇಲೆ ಯಾರ ಕೈ ಇನ್ನೊಂದು ಸಲ ರಾಶಿಗೆ ಹೋಗುತ್ತೆ. ನಾವು ಚಿಕ್ಕವರಿದ್ದಾಗ ಕೊಸರು ಅಂತಿದ್ವಿ, ನೆನಪಿದೆಯಾ? ತೂಕದ ಮೇಲೆ ಹಾಕೋ ನಾಲ್ಕು ಕಾಳು, ಒಂದೆಳೆ ಕರಿಬೇವು. ನಮ್ಮ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಇರೋ ಒಂದೇ ಹೆಸರು ನಷ್ಟ.

ಪುಂಡಿ ಒಳಗೆ ಸಿಗಲಿಲ್ಲ. ಹೊರಗೆ ಬಂದ್ವಿ. ಬೀದಿ ಬದಿ ಸಾಲಾಗಿ ಹೆಂಗಸರು ಗೋಣಿ ಹಾಸ್ಕೊಂಡು ಕೂತಿದ್ರು. ಒಬ್ಬ ಮಾವಶಿ ಮುಂದೆ ಎಳೇ ಜೋಳದ ಹಸಿರು ಕಾಳಿನ ಗುಡ್ಡೆ. ಮರಾಠಿಯಲ್ಲಿ ಅದು ಹುರಡಾ. ಅಪ್ಪ ನನಗೂ ಅಲ್ಲ, ಯಾರಿಗೂ ಅಲ್ಲ, ತಮ್ಮಷ್ಟಕ್ಕೆ ಅಂದ್ರು: "ಅರೆ, ಸೀತನಿ ಬಂದಾವ."

ಆಕೆ ತಲೆ ಎತ್ತಿದ್ರು. "ಯಾವೂರ್ರೀ ಯಪ್ಪಾ ನಿಮ್ದು?"

ಅಫಜಲಪುರ ಕಡೆಯೋರು. ಗಂಡ ಕಟ್ಟಡದ ಕೆಲಸಕ್ಕೆ ಅಂತ ಬಂದೋರು, ಹೋಗಿ ಬಹಳ ವರ್ಷ ಆಯ್ತು, ಆಮೇಲೆ ಇದೇ ಕಸುಬು. ಪುಂಡಿ ಪಲ್ಯ ಕೇಳಿದ್ರೆ ಆಕೆ ಎದ್ದೇ ಹೋಗಿ ನಾಲ್ಕು ಮಂದಿ ಆಚೆ ಕೂತಿದ್ದ ಇನ್ನೊಬ್ಬಾಕೆಯ ಬುಟ್ಟಿ ಅಡಿಯಿಂದ ಎರಡು ಸೂಡು ತಂದುಕೊಟ್ರು. ದುಡ್ಡು ಆಕೆಗೆ ಕೊಡಿ ಅಂದ್ರು, ತಮಗೆ ಬೇಡ ಅಂದ್ರು. ಅಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಬಿಟ್ರು, ಮೊಣಕಾಲು ನೋವಿನ ಮನುಷ್ಯ. ಗಾಣಗಾಪುರದ ಮಾತು, ಭೀಮಾ ನದಿಯ ಮಾತು. ನಮ್ಮ ಮನೆ ದೌಂಡದಲ್ಲಿ ಅಂದ್ರೆ ಆಕೆ, "ಹಂಗಾರ ಅದೇ ಹೊಳಿ ದಂಡಿಗಿ ಅದೀರಿ ಬಿಡ್ರಿ" ಅಂದ್ರು. ಇದು ನನಗೆ ಹೊಳೆದೇ ಇರಲಿಲ್ಲ. ಪುಣೆಯ ಮುಳಾ ಮುಠಾ ಹೋಗಿ ಭೀಮೆಗೆ ಸೇರುತ್ತೆ, ಭೀಮೆ ದೌಂಡ ದಾಟಿ, ಪಂಢರಪುರ ದಾಟಿ, ಅಫಜಲಪುರಕ್ಕೆ ಬಂದು, ರಾಯಚೂರು ಹತ್ರ ಕೃಷ್ಣೆಗೆ ಕೂಡುತ್ತೆ.

ತುಳಶಿಬಾಗ್‌ಗೂ ಹೋಗಿದ್ವಿ, ಪಕ್ಕದಲ್ಲೇ ಇದೆ. ರಾಮನ ಗುಡಿಯ ಸುತ್ತ ಬೆಳೆದ ಪೇಟೆ, ಬಳೆ, ಪಾತ್ರೆ, ದೇವರ ಸಾಮಾನು, ಮಕ್ಕಳ ಅಡುಗೆ ಆಟದ ಹಿತ್ತಾಳೆ ಭಾತುಕಲಿ. ಒಂದು ಅಂಗಡಿ ಆರು ಅಡಿ ಅಗಲ ಇರಬಹುದು. ಅಪ್ಪ ಮೊಮ್ಮಗಳಿಗೆ ಅಂತ ಆಟದ ಒಲೆ ಕೇಳಿದ್ರು. ಅಂಗಡಿಯೋನು ತಲೆ ಎತ್ತದೆ ಕೊಕ್ಕೆ ಕೋಲು ಮೇಲೆತ್ತಿ, ನೂರಾರು ಡಬ್ಬಿ ಮಧ್ಯೆ ಒಂದನ್ನ ಎಳೆದ. ಅದೇ ಒಲೆ. ನಮ್ಮ ಗೋದಾಮಿನಲ್ಲಿ ಇದಕ್ಕೆ ಬಾರ್‌ಕೋಡು, ಸಾಲು ಸಂಖ್ಯೆ, ಕೈಯಲ್ಲಿ ಸ್ಕ್ಯಾನರು, ಆದ್ರೂ ನೂರಕ್ಕೆ ಒಂದೆರಡು ತಪ್ಪಾಗೋದು ಇದ್ದದ್ದೇ. ಅಪ್ಪ ಆ ಕೋಲು ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ರು, ಮಾತಾಡಲಿಲ್ಲ.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಎಳ್ಳಮಾಸೆ ಮರುದಿನ ಹಡಪಸರ ಸ್ಟೇಷನ್ ಹೊರಗೆ ಪೇರಲ ಹಣ್ಣು ಮಾರೋ ಒಬ್ಬಾಕೆ ಹತ್ರ ನಿಂತೆ. ಎಷ್ಟೋ ವರ್ಷದಿಂದ ನೋಡ್ತಿರೋ ಮುಖ, ಆಗಾಗ ಹಿಂದಿಯಲ್ಲಿ ವ್ಯಾಪಾರ ಮಾಡಿದ್ದೂ ಉಂಟು, "ಕಿತನಾ?" "ಬೀಸ್ ಕಾ ಪಾವ್" ಅಷ್ಟೇ. ಮಂಡಯಿಯ ಧೈರ್ಯದಲ್ಲಿ ಕೇಳಿದೆ: "ಮಾವಶಿ, ಕನ್ನಡ ಬರ್ತದೇನ್ರೀ?"

ಆಕೆ ನಕ್ಕರು. ಇಂಡಿ ತಾಲೂಕಿನೋರು. "ನೀವ್ ದಿನಾ ಫೋನಿನ್ಯಾಗ ಮನಿ ಮಂದಿ ಜೋಡಿ ಕನ್ನಡ ಮಾತಾಡ್ಕೋತ ಹೋಗೂದ ಕೇಳ್ತೀನ್ರಿ ಸಾಹೇಬ್ರ. ನಮ್ಮಂಥೋರ್ ಜೋಡಿ ಮಾತಾಡೂದ ನಿಮಗ ಸೇರ್ತದೋ ಇಲ್ಲೋ ಅಂತ ಸುಮ್ಮನಿದ್ದೆ."

ನಾನು ಅವತ್ತು ಒಂದು ಲೋಕಲ್ ಬಿಟ್ಟೆ. ಮಾತಾಡೋಕೆ ಅಲ್ಲ, ಏನು ಮಾತಾಡಬೇಕು ಅಂತ ತಿಳೀದೆ.

ನಾವು ಸೇರಿದಾಗೆಲ್ಲ ಏನು ಹೇಳ್ತೀವಿ? ಪುಣೆಯಲ್ಲಿ ಕನ್ನಡ ಕೇಳೋಕೇ ಸಿಗಲ್ಲ ಅಂತ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗ್ತೀವಿ, ಒಳ್ಳೇದೇ. ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ದೋಸೆ ತಿಂದು, ಇದು ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಕಟ್ಟಿದ್ದು ಅಂತ ಮರಾಠಿ ಗೆಳೆಯರಿಗೆ ಹೆಮ್ಮೆಯಿಂದ ಹೇಳ್ತೀವಿ. ಹುಡುಗನಾಗಿ ಬಂದು ಹೋಟೆಲ್ ಕೆಲಸದಿಂದ ಶುರು ಮಾಡಿದ ಶೆಟ್ಟರು 2023ರಲ್ಲಿ ತೀರಿಕೊಂಡಾಗ ನಮ್ಮ ಗ್ರೂಪಿನಲ್ಲೆಲ್ಲ ಶ್ರದ್ಧಾಂಜಲಿ ಬಂತು, ಬರಬೇಕಾದ್ದೇ. ಆದ್ರೆ ನಾವು ಇರೋ ಟವರ್‌ಗಳ ಸೆಂಟ್ರಿಂಗ್ ಕಟ್ಟಿದೋರು, ಗಾರೆ ಹೊತ್ತೋರು, ಗೇಟಿನ ಆಚೆ ಗಾಡಿಯಲ್ಲಿ ಸೊಪ್ಪು ಮಾರೋರು, ಇವರಲ್ಲಿ ಎಷ್ಟು ಮಂದಿ ಕಲಬುರಗಿ, ಯಾದಗಿರಿ, ವಿಜಯಪುರದೋರು, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದೋರು ಅಂತ ನಾವು ಕೇಳಿಲ್ಲ. ಅವರಿಗೆ ನಾವು ಕನ್ನಡದೋರು ಅಂತ ಗೊತ್ತು. ನಮಗೆ ಅವರದು ಗೊತ್ತಿಲ್ಲ. ಗೇಟಿನ ಒಳಗೇ ಸಾಮಾನು ಬಂದ್ರೆ ಗೊತ್ತಾಗೋದಾದ್ರೂ ಹೆಂಗೆ?

ಅಂಗಡಿಯೋರೆಲ್ಲ ದೇವರು ಅಂತ ನಾನು ಹೇಳ್ತಿಲ್ಲ, ಕಾಮೆಂಟ್ ಮಾಡೋ ಮುಂಚೆ ಕೇಳಿಸ್ಕೊಳ್ಳಿ. ಪುಣೆಯ ಅಂಗಡಿಯೋರ ಖಡಕ್ ಮಾತು, ಗೋಡೆ ಮೇಲಿನ ಕುಹಕದ ಪುಣೇರಿ ಪಾಟಿ, ಮಧ್ಯಾಹ್ನದ ನಿದ್ದೆ, ಎಲ್ಲಾ ನಿಜ. ಚಿತಳೆ ಬಂಧುಗಳು ಒಂದರಿಂದ ನಾಲ್ಕರವರೆಗೆ ಮುಚ್ಚೋದನ್ನ ಬಿಟ್ಟಾಗ ಅದು ಪತ್ರಿಕೆಯಲ್ಲಿ ಸುದ್ದಿಯಾದ ಊರು ಇದು. ಹಳೇ ಪೇಟೆಗಳು ಎಷ್ಟು ನಾಜೂಕು ಅನ್ನೋದೂ ನಿಜ. 2021ರ ಮಾರ್ಚ್ ಒಂದೇ ತಿಂಗಳಲ್ಲಿ ಕ್ಯಾಂಪಿನ ಶಿವಾಜಿ ಮಾರ್ಕೆಟ್‌ಗೂ ಫ್ಯಾಷನ್ ಸ್ಟ್ರೀಟ್‌ಗೂ ಬೆಂಕಿ ಬಿದ್ದು ನೂರಾರು ಅಂಗಡಿ ಸುಟ್ಟವು, ಅದೂ ಲಾಕ್‌ಡೌನ್‌ನಿಂದ ಆಗಷ್ಟೇ ಎದ್ದಿದ್ದ ಅಂಗಡಿಗಳು.

ಇನ್ನೊಂದು ಮಾತು ನನ್ನ ಹೆಂಡತಿಯದು. ನಾನು ಈ ಪೇಟೆ ಪುರಾಣ ಹೇಳೋಕೆ ಶುರು ಮಾಡಿದಾಗ ಅವಳಂದಿದ್ದು: "ರಾತ್ರಿ ಪಾಳಿ ಮುಗಿಸಿ ಬಂದೋಳು ನಾನು. ಕೈ ನೋಡ್ಕೊಂಡು ತೊಗರಿಕಾಯಿ ತರೋಕೆ ನಿಮಗೆ ಭಾನುವಾರ ಇದೆ, ಮಾವನೋರಿಗೆ ಏಳೂ ದಿನ ಇದೆ. ನನಗೆ ಆ್ಯಪೇ ಇರಲಿ." ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ್ಯಪು ನಮ್ಮ ಫೋನಿನಲ್ಲಿ ಇನ್ನೂ ಇದೆ. ಚೀಲ ಹೊರೋದು ಮಾತ್ರ ಬಿಟ್ಟಿದೀನಿ.

ಉದ್ರಿ ವಿಷಯನೂ ಅಷ್ಟೇ. ಓಣಿಯ ಕಾಕಾ ಅಪ್ಪನ ಹೆಸರಲ್ಲಿ ಖಾತೆ ತೆಗೆದ್ರು, ನಾಲ್ಕನೇ ದಿನಕ್ಕೇ. ನನಗೆ ಖುಷಿಯಾಗಿ ಅಪ್ಪನಿಗೆ ಹೇಳಿದೆ, ನೋಡಿ, ಕ್ರೆಡಿಟ್ ಸ್ಕೋರ್ ಕೇಳದೆ ಕೊಟ್ರು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಮುಖಾ ನೋಡಿ ಕೊಟ್ಟಾನ. ನಾನೂ ಮುಖಾ ನೋಡೇ ಕೊಡ್ತಿದ್ದೆ. ಕೊಡದೆ ಕಳಿಸಿದ ಮಂದಿನೂ ಅದಾರ. ಅವರ ಮುಖಾ ಈಗ ನೆನಪಾಗ್ತಾವ." ಬಾಡಿಗೆ ಮನೆಯೋರಿಗೆ, ಯಾವ ಜಾತಿ ಅಂತ ತಿಳಿದ ಮೇಲೆ, ಕೂಲಿ ನಿಂತ ಮನೆಗೆ, ಕಿರಾಣಿ ಅಂಗಡಿ ಹೆಂಗೆ ನಡ್ಕೊಳ್ಳುತ್ತೆ ಅನ್ನೋದು 38 ವರ್ಷ ಗಲ್ಲಾದ ಹಿಂದೆ ಕೂತೋರಿಗೆ ಗೊತ್ತು. ಆ್ಯಪ್ ಮುಖ ನೋಡೋದಿಲ್ಲ. ಅದು ಅದರ ದೊಡ್ಡ ಗುಣನೂ ಹೌದು, ಒಪ್ಕೋಬೇಕು.

ಅಪ್ಪ ಯುಗಾದಿಗೆ ಊರಿಗೆ ಹೋದ್ರು, ಅಲ್ಲೇ ಇರ್ತೀನಿ ಅಂತ. ಅಂಗಡಿಯ ಅರ್ಧ ಶಟರ್ ಎತ್ತಿ ಬೆಳಿಗ್ಗೆ ಹೊತ್ತು ಕೂರ್ತಾರಂತೆ, ಎಲೆ ಅಡಕೆ, ಚಹಾಪುಡಿ, ಸೋಪು, ಇಷ್ಟೇ. ಪೇರಲ ಹಣ್ಣಿನಾಕೆ ಸೀಸನ್ ಮುಗಿದ ಮೇಲೆ ಕಲ್ಲಂಗಡಿಗೆ ಬದಲಾಯಿಸಿದ್ರು. ಅವರ ಮಗಳು ಹತ್ತನೇ ಕ್ಲಾಸು, ಮರಾಠಿ ಶಾಲೆ, ಗಣಿತ ಕಷ್ಟ ಅಂತೆ. ಶನಿವಾರ ನಮ್ಮ ಆಫೀಸಿನ ಇಬ್ಬರು ಹುಡುಗಿಯರು ಹೇಳಿಕೊಡ್ತಿದಾರೆ.

ಅಪ್ಪ ಹೋದ ಮರುದಿನ ಕಾಕಾನ ಅಂಗಡಿಗೆ ಖಾತೆ ಚುಕ್ತಾ ಮಾಡೋಕೆ ಹೋದೆ. ಕೆಂಪು ರಟ್ಟಿನ ಪುಸ್ತಕ ತೆಗೆದ್ರು. ಮೋಡಿ ಹಿಡಿದಂಥ ಕೈಬರಹ, ಕಷ್ಟಪಟ್ಟು ಓದಿದೆ. ಖಾತೆ ಹೆಸರು: "ಅಣ್ಣಾ, ಕಿರಾಣಾವಾಲೇ." ಕೆಳಗೆ ಸಣ್ಣಗೆ, "ಮುಲಗಾ ರೋಜ್ ಲೋಕಲನೇ ಜಾತೋ." ಮಗ ದಿನಾ ಲೋಕಲ್‌ನಲ್ಲಿ ಹೋಗ್ತಾನೆ. 7 ವರ್ಷ ಆ ಓಣಿಯಲ್ಲಿ ನನ್ನ ಗುರುತು ಅಷ್ಟೇ.

ಒಟ್ಟು 1,412 ರೂಪಾಯಿ. ಫೋನ್ ತೆಗೆದು ಸ್ಕ್ಯಾನ್ ಮಾಡ್ತಿದ್ದೆ, ಅಪ್ಪನ ಕರೆ ಬಂತು. ಎಲ್ಲಿದ್ದೀ ಅಂದ್ರು. ಹೇಳಿದೆ. "ಪೂರಾ ಚುಕ್ತಾ ಮಾಡಬ್ಯಾಡ. ಹತ್ತ ಹನ್ನೆರಡ ರೂಪಾಯಿ ಬಾಕಿ ಇಡು. ಪೂರಾ ಕೊಟ್ರ ಖಾತೆ ಮುಚ್ಚತಾನ."

1,400 ಕಳಿಸಿದೆ. ಕಾಕಾ ಫೋನಿನ ಸದ್ದು ಕೇಳಿ, ಪುಸ್ತಕದಲ್ಲಿ 12 ಅಂತ ಬರೆದು, ನನ್ನ ಕಡೆ ನೋಡದೆ ಮುಚ್ಚಿದ್ರು.